ಪಾರ್ಕ್ ಕೆಲಸದ ಬಗ್ಗೆ ಪಾಲಿಕೆ ನಮಗೆ ಹೇಳುವುದು ಯಾವಾಗ, ಜೆಸಿಬಿ ಬಂದ ಮೇಲಾ?

ಕೆರೆದಡ

ಊರಿನ ಹೆಸರು ಬೇಡ, ಒಂದು ಜಿಲ್ಲಾ ಕೇಂದ್ರ ಅಂದುಕೊಳ್ಳಿ. ನಮ್ಮ ಬಡಾವಣೆಯಲ್ಲಿ ಅರ್ಧ ಎಕರೆಯಷ್ಟು ಪಾರ್ಕ್ ಇದೆ. ಸುತ್ತ ಹೊಂಗೆ, ಮೂಲೆಯಲ್ಲಿ ಒಂದು ದೊಡ್ಡ ಮಳೆಮರ, ನಡುವೆ ಬರೀ ಮಣ್ಣು. ಆ ಮಣ್ಣಿನಲ್ಲೇ ಹುಡುಗರ ಕ್ರಿಕೆಟ್ಟು. ಹೋದ ತಿಂಗಳು ಗೇಟಿಗೆ ಬೀಗ ಬಿತ್ತು. ಪಕ್ಕದಲ್ಲಿ ಒಂದು ಫ್ಲೆಕ್ಸ್: "ಉದ್ಯಾನವನ ಅಭಿವೃದ್ಧಿ ಕಾಮಗಾರಿ ಪ್ರಗತಿಯಲ್ಲಿದೆ, ಸಾರ್ವಜನಿಕರು ಸಹಕರಿಸಿ." ಫ್ಲೆಕ್ಸ್ ತುಂಬಾ ಮುಖಂಡರ ಫೋಟೋ. ಏನು ಕೆಲಸ, ಎಷ್ಟು ದುಡ್ಡು, ಎಂದಿಗೆ ಮುಗಿಯುತ್ತೆ, ಯಾರಿಗೆ ಫೋನ್ ಮಾಡಬೇಕು, ಒಂದೂ ಇಲ್ಲ.

ಒಳಗೆ ಜೆಸಿಬಿ ಬಂದಾಗ ವಾರ್ಡ್ ಆಫೀಸಿಗೆ ಹೋಗಿ ಕೇಳಿದೆ. "ನಿಮ್ಮ ವಾಕರ್ಸ್ ಅಸೋಸಿಯೇಷನ್‌ನವರಿಗೆ ಹೇಳಿದ್ದೀವಲ್ಲ ಮೇಡಂ, ಅವರ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದೀವಿ" ಅಂದರು. ಆ ಗ್ರೂಪಿನಲ್ಲಿ ನಾನಿಲ್ಲ. ನಮ್ಮ ಬೀದಿಯ ಮುಕ್ಕಾಲು ಜನ ಇಲ್ಲ. ಕ್ರಿಕೆಟ್ ಆಡುವ ಹುಡುಗರಂತೂ ಇಲ್ಲವೇ ಇಲ್ಲ. ಈಗ ಬಾಯಿಂದ ಬಾಯಿಗೆ ಬಂದ ಸುದ್ದಿ ಏನಂದರೆ, ಮಣ್ಣಿನ ಜಾಗ ಹೋಗಿ ಪೇವರ್ ಬ್ಲಾಕ್ ಹಾಕಿದ ವಾಕಿಂಗ್ ಟ್ರ್ಯಾಕ್, ಲಾನ್, ಓಪನ್ ಜಿಮ್ ಬರುತ್ತಂತೆ.

ಓಪನ್ ಜಿಮ್ ಮೇಲೆ ನನಗೆ ಸಿಟ್ಟಿಲ್ಲ, ಬರಲಿ. ಆದರೆ ಮೊದಲು ಕೇಳಬೇಕಿತ್ತು ಅಲ್ವಾ? ಕೇಳದಿದ್ದರೆ ಹೋಗಲಿ, ಗೇಟಿಗೆ ಒಂದು ಎ4 ಹಾಳೆ ಅಂಟಿಸುವುದಕ್ಕೆ ಏನು ಖರ್ಚು? ನಿಮ್ಮ ಊರುಗಳಲ್ಲಿ ಹೇಗೆ ನಡೆಯುತ್ತೆ, ಹೇಳಿ.

ಬಸ್‌ಸ್ಟಾಪ್ ಬೆಂಗಳೂರಿಗ

ಏನೂ ಹೇಳುವುದಿಲ್ಲ ಅನ್ನಬೇಡಿ ಅಕ್ಕ. ಹೇಳುತ್ತಾರೆ, ಬೋರ್ಡಿನಲ್ಲಿ. ಹೂ ಕೀಳಬೇಡಿ, ಹುಲ್ಲು ತುಳಿಯಬೇಡಿ, ನಾಯಿ ತರಬೇಡಿ, ಚೆಂಡು ತರಬೇಡಿ. 2024ರಲ್ಲಿ ಇಂದಿರಾನಗರದ ಒಂದು ಪಾರ್ಕಿನ ಬೋರ್ಡ್ ವೈರಲ್ ಆಗಿತ್ತು, ನೆನಪಿದೆಯಾ? ಜಾಗಿಂಗ್ ಮಾಡಬಾರದು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ನಡೆಯಬಾರದು! ಎಡಕ್ಕೆ ಸುತ್ತಿದರೆ ದಂಡ ಹಾಕುತ್ತಾರೋ ಏನೋ ಅಂತ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಒಂದು ಒಳ್ಳೆಯ ಉದಾಹರಣೆಯೂ ಇದೆ, ಹೇಳಿಬಿಡುತ್ತೇನೆ. ಬೆಂಗಳೂರಿನ ಪಾಲಿಕೆ ಪಾರ್ಕುಗಳಿಗೆ ಮೊದಲು ಮಧ್ಯಾಹ್ನದ ಹೊತ್ತು ಬೀಗ ಹಾಕುತ್ತಿದ್ದರು. ಬಿಸಿಲಿನಲ್ಲಿ ನೆರಳು ಬೇಕಾದವರು ಯಾರು? ಡೆಲಿವರಿ ಹುಡುಗರು, ತಳ್ಳುಗಾಡಿಯವರು, ಎರಡು ಮನೆ ಕೆಲಸದ ನಡುವೆ ಅರ್ಧ ಗಂಟೆ ಸಿಗುವ ಹೆಂಗಸರು. ಬೆಳಿಗ್ಗೆ ಆರಕ್ಕೆ ಶೂ ಹಾಕಿಕೊಂಡು ಬರುವವರಿಗೆ ಮಧ್ಯಾಹ್ನದ ಬೀಗ ಕಣ್ಣಿಗೇ ಬೀಳುವುದಿಲ್ಲ. ತುಂಬಾ ವರ್ಷ ಜನ ಬಾಯಿ ಬಡಿದುಕೊಂಡ ಮೇಲೆ 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ ಆಯಿತು. ಇಂಥ ಆದೇಶ ಪೇಪರಿನಲ್ಲಿ ಬಂದರೆ ಸಾಲದು, ಬೀಗದ ಕೈ ಇಟ್ಟುಕೊಂಡಿರುವ ವಾಚ್‌ಮನ್‌ಗೂ ತಲುಪಬೇಕು, ಅದು ಬೇರೆ ಮಾತು.

ರಿಟೈರ್ಡ್ ಜೆಇ

ನಾನು ಒಳಗಿದ್ದವನು, ಪಾಲಿಕೆಯಲ್ಲಿ ಜೂನಿಯರ್ ಎಂಜಿನಿಯರ್ (ಜೆಇ) ಆಗಿದ್ದೆ. ಯಾವ ಊರು ಅಂತ ಹೇಳುವುದಿಲ್ಲ, ಬೈಯುವವರು ಬೈಯಬಹುದು.

ಕೆರೆದಡ ಅವರೇ, ನೀವು ಹೋಗಿ ಕೇಳಿದ್ದು ತಡವಾಯಿತು. ತಪ್ಪು ನಿಮ್ಮದಲ್ಲ, ಪದ್ಧತಿಯೇ ಹಾಗಿದೆ. ಪಾರ್ಕ್ ಕೆಲಸ ಹುಟ್ಟುವುದು ಕ್ರಿಯಾ ಯೋಜನೆಯಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ. ಅಲ್ಲಿ ಒಂದೇ ಸಾಲು ಇರುತ್ತೆ, "ಇಂಥ ವಾರ್ಡಿನ ಉದ್ಯಾನ ಅಭಿವೃದ್ಧಿ, ಇಷ್ಟು ಲಕ್ಷ". ಅಭಿವೃದ್ಧಿ ಅಂದರೆ ಏನು ಅಂತ ಆಗ ಯಾರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ. ಅನುಮೋದನೆ ಬಂದ ಮೇಲೆ ಅಂದಾಜು ಪಟ್ಟಿ ಮಾಡಬೇಕು. ಕೈಯಲ್ಲಿ ಹತ್ತು ಕೆಲಸ ಇರುತ್ತೆ, ಮೇಲಿನಿಂದ ಫೋನ್ ಮೇಲೆ ಫೋನು. ಆಗ ಏನು ಮಾಡುತ್ತೇವೆ? ಹಿಂದಿನ ವರ್ಷ ಬೇರೆ ಪಾರ್ಕಿಗೆ ಮಾಡಿದ ಎಸ್ಟಿಮೇಟ್ ತೆರೆದು ಅಳತೆ ಬದಲಾಯಿಸುತ್ತೇವೆ. ಪೇವರ್, ಚೈನ್‌ಲಿಂಕ್ ಬೇಲಿ, ಗ್ರಾನೈಟ್ ಬೆಂಚು, ಜಿಮ್ ಸಾಮಾನು. ರಾಜ್ಯದ ಎಲ್ಲ ಪಾರ್ಕುಗಳೂ ಒಂದೇ ಥರ ಕಾಣುವುದು ಇದಕ್ಕೇ. ಇವಕ್ಕೆಲ್ಲ ದರಪಟ್ಟಿಯಲ್ಲಿ ರೇಟು ಇದೆ, ಅಳತೆ ಪುಸ್ತಕದಲ್ಲಿ ಬರೆಯಬಹುದು, ಬಿಲ್ ಆಗುತ್ತೆ. "ಮಣ್ಣಿನ ಜಾಗವನ್ನು ಹಾಗೇ ಬಿಡುವುದು" ಅನ್ನುವುದಕ್ಕೆ ದರಪಟ್ಟಿಯಲ್ಲಿ ಐಟಂ ಇಲ್ಲ.

ಆಮೇಲೆ ಟೆಂಡರ್, ಆಮೇಲೆ ಕಾರ್ಯಾದೇಶ. ಕಾರ್ಯಾದೇಶ ಕೊಟ್ಟ ಮೇಲೆ ಬದಲಾವಣೆ ಬೇಕು ಅಂದರೆ ಮತ್ತೆ ಕಡತ ಮೇಲೆ ಹೋಗಿ ಬರಬೇಕು. ಅಷ್ಟರಲ್ಲಿ ಮಾರ್ಚ್ ಬಂದಿರುತ್ತೆ, ಮಾರ್ಚ್ ಒಳಗೆ ಬಿಲ್ ಆಗದಿದ್ದರೆ ಅನುದಾನ ವಾಪಸ್ ಹೋಗುವ ಭಯ. ಹಾಗಾಗಿ ಗುತ್ತಿಗೆದಾರನೂ ಓಡುತ್ತಾನೆ, ನಾವೂ ಓಡುತ್ತೇವೆ. ಜನ ಬಂದು ಕೇಳಿದರೆ "ಸಹಕರಿಸಿ" ಅನ್ನುವುದು ಬಿಟ್ಟರೆ ಬೇರೆ ಉತ್ತರ ಇರುವುದಿಲ್ಲ.

ಜನರನ್ನು ಕೇಳಬೇಕಾದ್ದು ಅಂದಾಜು ಪಟ್ಟಿಗೆ ಮೊದಲು. ಆ ಒಂದು ತಿಂಗಳು ಬಿಟ್ಟರೆ ಆಮೇಲೆ ನಡೆಯುವ ಸಭೆಗಳೆಲ್ಲ ಸುಮ್ನೆ ಟೀ ಬಿಸ್ಕತ್ತು.

ಪಕ್ಕಾ ಪ್ರಾಕ್ಟಿಕಲ್

ಎಲ್ಲರನ್ನೂ ಕೇಳುತ್ತಾ ಕೂತರೆ ಪಾರ್ಕ್ ಆದ ಹಾಗೇ. ನಮ್ಮ ಬಡಾವಣೆಯಲ್ಲಿ ಒಂದು ಸಲ ಸಭೆ ಕರೆದಿದ್ದರು. ಒಬ್ಬರಿಗೆ ಗಣಪತಿ ಗುಡಿ ಬೇಕು, ಇನ್ನೊಬ್ಬರಿಗೆ ಶಟಲ್ ಕೋರ್ಟ್, ಮತ್ತೊಬ್ಬರಿಗೆ ಕಾರ್ ನಿಲ್ಲಿಸಲು ಜಾಗ, ಒಬ್ಬ ಹಿರಿಯರಿಗೆ ಹುಡುಗರು ಒಳಗೇ ಬರಬಾರದು. ಮರ ಬೇಡ, ಎಲೆ ಉದುರಿ ಗಲೀಜಾಗುತ್ತೆ ಅಂದವರೂ ಇದ್ದರು! ಕೊನೆಗೆ ಜಗಳವಾಗಿ ಎದ್ದುಹೋದರು. ತಿಳಿದವರು ನಿರ್ಧಾರ ಮಾಡಲಿ, ಹೇಳಿ ಮಾಡಲಿ, ಅಷ್ಟು ಸಾಕು.

ಕೆರೆದಡ

ಜಗಳ ಆಗಲಿ ಬಿಡಿ. ಈಗ ಜಗಳ ಇಲ್ಲದಿರುವುದು ಎಲ್ಲರೂ ಒಪ್ಪಿದ್ದಾರೆ ಅಂತಲ್ಲ, ಯಾರಿಗೂ ಗೊತ್ತಿಲ್ಲ ಅಂತ. ಮತ್ತೆ ಆ ಹಿರಿಯರು ಸಭೆಗೆ ಬಂದಿದ್ದರು, ಅವರು ಬೇಡ ಅಂದ ಹುಡುಗರನ್ನು ಸಭೆಗೆ ಕರೆದಿದ್ದರಾ?

ಮೈಸೂರು ಮೂಲೆ

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ಆದದ್ದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ರಸ್ತೆ ಅಗಲ ಮಾಡಲು 40 ಮರಗಳನ್ನು ರಾತ್ರೋರಾತ್ರಿ ಉರುಳಿಸಿದರು. ಬೆಳಿಗ್ಗೆ ಆ ದಾರಿಯಲ್ಲಿ ಹೋದವರಿಗೆ ದಾರಿಯೇ ಗುರುತು ಸಿಗಲಿಲ್ಲ. ಆಮೇಲೆ ಊರಿಗೆ ಊರೇ ಪ್ರತಿಭಟನೆಗೆ ಬಂತು, ಆದರೆ ಕಡಿದ ಮರಕ್ಕೆ ಆಕ್ಷೇಪಣೆ ಸಲ್ಲಿಸಿ ಏನು ಪ್ರಯೋಜನ?

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಅದರ ಪ್ರಕಾರ ಒಂದು ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. 40 ಮರಕ್ಕೆ ಅದು ತಾಗುವುದೇ ಇಲ್ಲ! ಕಾನೂನು ಹೇಳಿಲ್ಲ ಅಂತ ಊರಿಗೆ ಹೇಳದೆ ಇರಬಹುದಾ? ಆ ಊರಿನ ಜನ ಬೆಳಿಗ್ಗೆ ಎದ್ದರೆ ಮರಗಳ ಹೆಸರು ಹಿಡಿದೇ ದಾರಿ ಹೇಳುವವರು.

ಇನ್ನೊಂದು ವಿಷಯ, ಮೈಸೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು. ಮರ ಬಿದ್ದಾಗ ಬಾಗಿಲು ಬಡಿಯಲು ವಾರ್ಡಿನ ಕಾರ್ಪೊರೇಟರ್ ಅನ್ನುವವರೇ ಇರಲಿಲ್ಲ.

ಬಸ್‌ಸ್ಟಾಪ್ ಬೆಂಗಳೂರಿಗ

ನಮ್ಮದು ಅದಕ್ಕಿಂತ ಹಳೇ ಕಥೆ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಬಿಬಿಎಂಪಿಗೆ ಚುನಾವಣೆಯೇ ಆಗಲಿಲ್ಲ, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಅದರ ಮೇಲೆ ಇನ್ನೊಂದು ಗೊಂದಲ, ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಗೆ ಸೇರಿದ್ದು, ಬಡಾವಣೆ ಪಾರ್ಕುಗಳು ಪಾಲಿಕೆಗೆ, ಪಾಲಿಕೆಗೆ ಇನ್ನೂ ಹಸ್ತಾಂತರ ಆಗದ ಬಡಾವಣೆ ಆದರೆ ಅಭಿವೃದ್ಧಿ ಪ್ರಾಧಿಕಾರಕ್ಕೆ. ಜನ ಯಾರ ಬಾಗಿಲು ತಟ್ಟಬೇಕು? ಗೇಟಿನ ಬೋರ್ಡಿನಲ್ಲಿ "ಈ ಪಾರ್ಕ್ ಇಂಥ ಕಚೇರಿಯದು, ಫೋನ್ ಇಷ್ಟು" ಅಂತ ಒಂದು ಸಾಲು ಬರೆದರೆ ಅರ್ಧ ಜಗಳ ಕಡಿಮೆ.

2016ರ ಉಕ್ಕಿನ ಸೇತುವೆ ನೆನಪಿಸಿಕೊಳ್ಳಿ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ, 800ಕ್ಕೂ ಹೆಚ್ಚು ಮರ ಹೋಗುತ್ತೆ ಅಂತ ಗೊತ್ತಾದಾಗ ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಅದು ಗೆಲುವು, ಸರಿ. ಆದರೆ ಪ್ರತಿ ಪಾರ್ಕಿಗೂ ಮಾನವ ಸರಪಳಿ ಕಟ್ಟಲು ಆಗುತ್ತಾ? ಅರ್ಧ ಎಕರೆ ಪಾರ್ಕಿಗೆ ಟಿವಿಯವರು ಬರುವುದಿಲ್ಲ.

ಶೆಫೀಲ್ಡ್ ಚಳಿ

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. "ಅಲ್ಲೆಲ್ಲ ಸರಿಯಾಗಿ ಕೇಳಿ ಮಾಡುತ್ತಾರೆ" ಅಂತ ಯಾರಾದರೂ ಬರೆಯುವ ಮೊದಲೇ ನಮ್ಮೂರಿನ ಕಥೆ ಹೇಳಿಬಿಡುತ್ತೇನೆ, ಮೈಸೂರಿನದನ್ನು ಓದಿದಾಗ ಮೈ ಜುಂ ಅಂತು.

ಇಲ್ಲಿನ ಪಾಲಿಕೆ 2012ರಲ್ಲಿ ರಸ್ತೆ ನಿರ್ವಹಣೆಯನ್ನು 25 ವರ್ಷಕ್ಕೆ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆ ಪತ್ರದಲ್ಲಿ 17,500 ರಸ್ತೆ ಬದಿ ಮರಗಳನ್ನು ತೆಗೆದು ಬೇರೆ ನೆಡುವ ಮಾತಿತ್ತು. ಜನ ಕೇಳಿದಾಗ ಅಂಥ ಗುರಿಯೇ ಇಲ್ಲ ಅಂದರು. ಗಲಾಟೆ ಜಾಸ್ತಿ ಆದಾಗ ಸಲಹೆ ಕೊಡಲು ಒಂದು ಸ್ವತಂತ್ರ ಸಮಿತಿ ಮಾಡಿದರು, ಮನೆಮನೆಗೆ ಸಮೀಕ್ಷೆ ಪತ್ರವನ್ನೂ ಕಳಿಸಿದರು. ನೋಡಲು ಎಲ್ಲ ಚೆನ್ನಾಗಿಯೇ ಇತ್ತು.

2016ರ ನವೆಂಬರ್ 17. ರಸ್ಲಿಂಗ್ಸ್ ರೋಡ್ ಅನ್ನುವ ಬೀದಿಗೆ ಬೆಳಗಿನ ಜಾವ ಐದು ಗಂಟೆಗೆ ಪೊಲೀಸರ ಜೊತೆ ಬಂದು, ಮಲಗಿದ್ದವರನ್ನು ಎಬ್ಬಿಸಿ ಕಾರು ತೆಗೆಸಿ, ಎಂಟು ಮರ ಕಡಿದರು. ಅಡ್ಡ ನಿಂತ ಇಬ್ಬರು ವಯಸ್ಸಾದ ಹೆಂಗಸರನ್ನು ಬಂಧಿಸಿದರು. ಆ ಮರಗಳಲ್ಲಿ ಹೆಚ್ಚಿನವನ್ನು ಉಳಿಸಬಹುದು ಅಂತ ಆ ಸ್ವತಂತ್ರ ಸಮಿತಿ ಸಲಹೆ ಕೊಟ್ಟಿತ್ತು. ಆ ಸಲಹೆಯನ್ನು ಪಾಲಿಕೆ ವೆಬ್‌ಸೈಟಿಗೆ ಹಾಕಿದ್ದು ಯಾವಾಗ ಗೊತ್ತಾ? ಅದೇ ದಿನ ಬೆಳಗಿನ ಜಾವ ನಾಲ್ಕೂವರೆಗೆ! ಪ್ರಕಟಣೆ ಆಗಿದೆ ಅಂತ ಹೇಳಲು ದಾಖಲೆ ಇದೆ, ಓದಲು ಅರ್ಧ ಗಂಟೆ ಇದೆ, ಅದೂ ನಿದ್ದೆಯ ಹೊತ್ತು.

2018ರಲ್ಲಿ ನಿಲ್ಲಿಸುವಷ್ಟರಲ್ಲಿ ಐದು ಸಾವಿರಕ್ಕೂ ಹೆಚ್ಚು ಮರ ಹೋಗಿದ್ದವು. 2023ರಲ್ಲಿ ಸರ್ ಮಾರ್ಕ್ ಲೋಕಾಕ್ ಅವರ ವಿಚಾರಣಾ ವರದಿ ಬಂತು. ಪಾಲಿಕೆ ಜನರನ್ನೂ ಕೋರ್ಟನ್ನೂ ದಾರಿ ತಪ್ಪಿಸಿತ್ತು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಪಾಲಿಕೆ ಕ್ಷಮೆ ಕೇಳಿತು. ಈಗ ಹೋರಾಟ ಮಾಡಿದವರನ್ನೇ ಸೇರಿಸಿಕೊಂಡು ಮರಗಳ ಯೋಜನೆ ಮಾಡುತ್ತಾರೆ. ರಸ್ತೆ ಬದಿ ಮರ ಕಡಿಯುವ ಮೊದಲು ಸ್ಥಳೀಯ ಜನರನ್ನು ಕೇಳಲೇಬೇಕು ಅಂತ 2021ರ ಪರಿಸರ ಕಾಯ್ದೆ ಹೇಳುತ್ತೆ, ರೋಗ, ಅಪಾಯದಂಥ ಕೆಲವು ಕಾರಣಗಳನ್ನು ಬಿಟ್ಟು. ಇದು ತಾನಾಗಿ ಬಂದದ್ದಲ್ಲ ಸ್ವಾಮಿ, ಜನ ಚಳಿಯಲ್ಲಿ ಮರದ ಕೆಳಗೆ ನಿಂತು ತಂದದ್ದು.

ಪಕ್ಕಾ ಪ್ರಾಕ್ಟಿಕಲ್

ಅಂದರೆ ಸಮೀಕ್ಷೆ, ಸಮಿತಿ, ವೆಬ್‌ಸೈಟ್ ಎಲ್ಲ ಇದ್ದೂ ಹೀಗಾಯಿತು. ನಾನು ಹೇಳಿದ್ದೂ ಅದೇ ತಾನೇ, ಕೇಳುವ ನಾಟಕದಿಂದ ಏನೂ ಆಗಲ್ಲ.

ಶೆಫೀಲ್ಡ್ ಚಳಿ

ನಾಟಕದಿಂದ ಆಗಲ್ಲ, ಒಪ್ಪಿದೆ. ಆದರೆ ಸಮಿತಿಯ ಸಲಹೆ ಒಂದು ತಿಂಗಳು ಮೊದಲೇ ಹೊರಗೆ ಬಂದಿದ್ದರೆ ಆ ಬೆಳಗಿನ ಜಾವ ಅಷ್ಟು ಸುಲಭ ಆಗುತ್ತಿರಲಿಲ್ಲ. ಗುಟ್ಟು ಇರುವುದು ಟೈಮಿನಲ್ಲಿ. ಜೆಇ ಸರ್ ಹೇಳಿದ್ದೂ ಅದನ್ನೇ.

ಮಾಲಿ ಮಗಳು

ನಮ್ಮಪ್ಪ ಗುತ್ತಿಗೆ ಮಾಲಿ. ತುಂಬಾ ವರ್ಷದಿಂದ ಒಂದೇ ಪಾರ್ಕ್, ಗುತ್ತಿಗೆದಾರರು ಮಾತ್ರ ಬದಲಾಗುತ್ತಿರುತ್ತಾರೆ. ಪಾಲಿಕೆ ಅಂದರೆ ಅಲ್ಲಿ ಬರುವ ಜನಕ್ಕೆ ನಮ್ಮಪ್ಪನೇ. ಲೈಟ್ ಇಲ್ಲ ಅಂದರೂ ಅಪ್ಪನನ್ನೇ ಬೈಯುವುದು, ಬೋರ್‌ವೆಲ್ ಮೋಟರ್ ಸುಟ್ಟು ಲಾನ್ ಒಣಗಿದರೂ ಅಪ್ಪನನ್ನೇ ಬೈಯುವುದು. ಒಂದು ಬೇಸಿಗೆ ಮೋಟರ್ ಕೆಟ್ಟಾಗ ಪಕ್ಕದ ಹೋಟೆಲಿನಿಂದ ಬಿಂದಿಗೆಯಲ್ಲಿ ನೀರು ತಂದು ಎಳೆ ಸಂಪಿಗೆ ಸಸಿಗಳಿಗೆ ಮಾತ್ರ ಹಾಕುತ್ತಿದ್ದರು, ಲಾನ್ ಬಿಟ್ಟುಬಿಟ್ಟರು. ಲಾನ್ ಹಳದಿ ಆಯಿತು ಅಂತ ವಾಕಿಂಗಿಗೆ ಬರುವ ಒಬ್ಬರು ಫೋಟೋ ತೆಗೆದು ಗ್ರೂಪಿಗೆ ಹಾಕಿದರು, ಅಪ್ಪನಿಗೆ ಒಂದು ದಿನದ ಕೂಲಿ ಕಟ್.

ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ, ಯಾವ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ, ಯಾವ ಮರದ ಕೊಂಬೆ ಒಳಗೆ ಟೊಳ್ಳು, ಎಲ್ಲ ಅಪ್ಪನಿಗೆ ಗೊತ್ತು. ಎಸ್ಟಿಮೇಟ್ ಮಾಡಲು ಬಂದವರು ಇವತ್ತಿನವರೆಗೂ ಅಪ್ಪನನ್ನು ಒಂದು ಮಾತು ಕೇಳಿಲ್ಲ. ಟೇಪ್ ಹಿಡಿಯಲು ಮಾತ್ರ ಕರೆಯುತ್ತಾರೆ. ಇಲ್ಲಿ ಎಲ್ಲರೂ ನಿವಾಸಿಗಳನ್ನು ಕೇಳಿ ಅಂತ ಬರೆಯುತ್ತಿದ್ದೀರಿ, ಸಂತೋಷ. ಮಾಲಿಯನ್ನೂ ಕೇಳಿ ಅಂತ ಒಂದು ಸಾಲು ಸೇರಿಸಿ.

ರಿಟೈರ್ಡ್ ಜೆಇ

ಟೇಪ್ ಹಿಡಿಸಿದವರೆಲ್ಲ ನಮ್ಮಂಥವರೇ ಮಗಳೇ. ನೀನು ಹೇಳಿದ್ದು ಸರಿ.

ಕಟ್ಟೆ ವಕೀಲ

ಸ್ವಲ್ಪ ಕಾನೂನು ಹಾಕುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಪಾರ್ಕ್ ವಿಷಯದಲ್ಲಿ ನಿವಾಸಿಗಳಿಗೆ ಮಾತಾಡುವ ಹಕ್ಕಿದೆಯಾ ಅನ್ನುವ ಪ್ರಶ್ನೆಗೆ ನಮ್ಮ ಬೆಂಗಳೂರಿನ ಕೇಸಿನಲ್ಲೇ ಉತ್ತರ ಇದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ನಿವಾಸಿಗಳು ಕೋರ್ಟಿಗೆ ಹೋದರು. ಬ್ಯಾಂಗಲೋರ್ ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ, 1991, ಸುಪ್ರೀಂ ಕೋರ್ಟ್. ಪಾರ್ಕ್ ಜಾಗ ಪಾರ್ಕಿಗೇ ಇರಬೇಕು, ಪ್ರಶ್ನೆ ಮಾಡಲು ಅಲ್ಲಿನ ನಿವಾಸಿಗಳಿಗೆ ಹಕ್ಕಿದೆ ಅಂತ ತೀರ್ಪಾಯಿತು. ಇವತ್ತಿಗೂ ದೇಶದ ತುಂಬಾ ಪಾರ್ಕ್ ಕೇಸುಗಳಲ್ಲಿ ಇದನ್ನೇ ಹೇಳುತ್ತಾರೆ.

ಇನ್ನು ಮಾಹಿತಿ. ಆರ್‌ಟಿಐ ಅಂದರೆ ಅರ್ಜಿ ಹಾಕಿ 30 ದಿನ ಕಾಯುವುದು ಅಂತಷ್ಟೇ ಎಲ್ಲರಿಗೂ ಗೊತ್ತು. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಓದಿ. ಜನರ ಮೇಲೆ ಪರಿಣಾಮ ಬೀರುವ ನಿರ್ಧಾರ ಮಾಡುವಾಗ ಸಂಬಂಧಪಟ್ಟ ಎಲ್ಲ ವಿವರ ಸರ್ಕಾರಿ ಕಚೇರಿಯವರೇ ಪ್ರಕಟಿಸಬೇಕು, ಯಾರೂ ಅರ್ಜಿ ಹಾಕದಿದ್ದರೂ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ನಗರಾಡಳಿತದ ಕೆಲಸಗಳ ಪಟ್ಟಿಯಲ್ಲೇ ಪಾರ್ಕ್, ಉದ್ಯಾನ, ಆಟದ ಮೈದಾನ ಇವೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತಲೂ ಇದೆ. ಅಂದರೆ ಕೇಳುವ ಜಾಗ ಕಾಗದದ ಮೇಲೆ ಇದೆ, ಕುರ್ಚಿ ಹಾಕಿಲ್ಲ ಅಷ್ಟೇ.

ಪ್ರಕಟಣೆ ಕೊಟ್ಟರೂ ಅದರ ಕನ್ನಡ ನೋಡಿದ್ದೀರಾ? "ಸದರಿ ಕಾಮಗಾರಿಯ ನಿಮಿತ್ತ ಸದರಿ ವೃಕ್ಷಗಳನ್ನು ತೆರವುಗೊಳಿಸಲು ಉದ್ದೇಶಿಸಲಾಗಿದ್ದು" ಅಂತ ಪೇಪರಿನ ಒಳಪುಟದಲ್ಲಿ ಇರುವೆ ಸಾಲಿನ ಅಕ್ಷರ. ವಕೀಲನಾದ ನನಗೇ ಎರಡು ಸಲ ಓದಬೇಕು. "ನಿಮ್ಮ ಬೀದಿಯ ಇಂಥ ಮರ ಕಡಿಯುತ್ತೇವೆ, ಬೇಡ ಅಂದರೆ ಹತ್ತು ದಿನದೊಳಗೆ ಇಲ್ಲಿಗೆ ಬರೆಯಿರಿ" ಅಂತ ಆ ಮರಕ್ಕೇ ತಗಲುಹಾಕಿದರೆ ಸಾಕು.

ಹಸಿರು ಹುಚ್ಚು

ಮರಕ್ಕೆ ತಗಲುಹಾಕಿ, ಆದರೆ ಮೊಳೆ ಹೊಡೆಯಬೇಡಿ ದಯವಿಟ್ಟು. ದಾರ ಕಟ್ಟಿ.

ಕೆರೆದಡ ಅಕ್ಕ, ನಿಮ್ಮ ಮಳೆಮರದ ಬುಡಕ್ಕೆ ಪೇವರ್ ಹಾಕುತ್ತಿದ್ದಾರಾ ನೋಡಿ. ಅದು ಎಲ್ಲಕ್ಕಿಂತ ಅರ್ಜೆಂಟು. ಬುಡದವರೆಗೆ ಸಿಮೆಂಟ್ ತಂದರೆ ಬೇರಿಗೆ ನೀರೂ ಇಲ್ಲ ಗಾಳಿಯೂ ಇಲ್ಲ, ಕೆಲವು ವರ್ಷಕ್ಕೆ ಮರ ಸೊರಗುತ್ತೆ, ಮಳೆಗಾಲದಲ್ಲಿ ಬೀಳುತ್ತೆ, ಆಗ ಮರಗಳೇ ಅಪಾಯ ಅನ್ನುತ್ತಾರೆ. ದೆಹಲಿಯ ಮರಗಳ ವಿಷಯದಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂದಿದೆ. ಅದನ್ನು ತೋರಿಸಿ. ಮಳೆಮರಕ್ಕೆ ಒಂದು ಮೀಟರ್ ಯಾವ ಮೂಲೆಗೂ ಸಾಲುವುದಿಲ್ಲ, ಜಾಸ್ತಿಯೇ ಕೇಳಿ.

ಕೆರೆದಡ

ಹೋಗಿ ನೋಡಿ ಬಂದೆ. ಕಂಬಿ ಸಂದಿಯಿಂದ ಕಾಣಿಸುತ್ತೆ, ಟ್ರ್ಯಾಕಿನ ಗುರುತಿಗೆ ಸುಣ್ಣದ ಪುಡಿ ಚೆಲ್ಲಿದ್ದಾರೆ, ಅದು ಮರದ ಬುಡಕ್ಕೆ ಅಂಟಿಕೊಂಡೇ ಹೋಗಿದೆ. ಒಂದು ದಪ್ಪ ಬೇರನ್ನು ಜೆಸಿಬಿ ಆಗಲೇ ಕಿತ್ತಿದೆ. ಅಲ್ಲಿದ್ದ ಮೇಸ್ತ್ರಿಯನ್ನು ಮಾತಾಡಿಸಿದೆ. ಅವರೇ ಪರವಾಗಿಲ್ಲ, ಮಾತಾಡುವ ಮನುಷ್ಯ. "ಟ್ರ್ಯಾಕ್ ಆ ಕಡೆಗೆ ತಿರುಗಿಸಲು ನನಗೇನೂ ಕಷ್ಟ ಇಲ್ಲಮ್ಮ, ಸಾಹೇಬರು ಒಂದು ಮಾತು ಹೇಳಲಿ" ಅಂದರು.

ಹುಡುಗರನ್ನೂ ಕರೆದು ಕೂರಿಸಿಕೊಂಡು ಕೇಳಿದೆ. ಪೂರ್ತಿ ಮೈದಾನ ಬೇಕು ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಪಿಚ್ ಉದ್ದಕ್ಕೆ ಮಣ್ಣು ಬಿಟ್ಟರೆ ಸಾಕು, ಸಂಜೆ ಆರರ ಮೇಲೆ ವಾಕಿಂಗಿನವರಿಗೆ ಬಿಟ್ಟುಕೊಡುತ್ತೇವೆ ಅಂತ ಅವರೇ ಟೈಮ್ ಹಂಚಿದರು. ವಾಕರ್ಸ್ ಅಸೋಸಿಯೇಷನ್ ಕಾರ್ಯದರ್ಶಿಗಳ ಹತ್ತಿರವೂ ಹೋದೆ. ಅವರಿಗೂ ಎಸ್ಟಿಮೇಟ್ ತೋರಿಸಿಲ್ಲವಂತೆ! ಗ್ರೂಪಿನಲ್ಲಿ ಬಂದದ್ದು ಶಂಕುಸ್ಥಾಪನೆಯ ಆಹ್ವಾನ ಪತ್ರಿಕೆ ಅಷ್ಟೇ.

ಪಕ್ಕಾ ಪ್ರಾಕ್ಟಿಕಲ್

ಇದು ಮಾತ್ರ ಅತಿಯಾಯಿತು. ಅಸೋಸಿಯೇಷನ್‌ಗೂ ತೋರಿಸದೆ ಅವರ ಹೆಸರು ಹೇಳಿದರಾ? ಕೊಡಿ ಅರ್ಜಿ.

ಕಟ್ಟೆ ವಕೀಲ

ಎರಡು ಕಾಗದ ಬೇರೆ ಬೇರೆ ಮಾಡಿ. ಒಂದು ಮನವಿ, ಮರದ ಬುಡ ಮತ್ತು ಮಣ್ಣಿನ ಜಾಗದ ಬಗ್ಗೆ ಮಾತ್ರ, ಆಯುಕ್ತರಿಗೆ. ಹುಡುಗರ ಮನೆಯವರೂ ಅಸೋಸಿಯೇಷನ್‌ನವರೂ ಒಂದೇ ಹಾಳೆಯಲ್ಲಿ ಸಹಿ ಮಾಡಲಿ, ಅದರ ತೂಕವೇ ಬೇರೆ. ಇನ್ನೊಂದು ಆರ್‌ಟಿಐ, 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ. ಅಂದಾಜು ಪಟ್ಟಿ, ನಕ್ಷೆ, ಕಾರ್ಯಾದೇಶ, ಮರಗಳಿಗೆ ಸಂಬಂಧಿಸಿದ ಅನುಮತಿ ಇದ್ದರೆ ಅದರ ಪ್ರತಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆಯಬೇಡಿ, ವಾಪಸ್ ಕಳಿಸಲು ಅದೇ ನೆಪ ಆಗುತ್ತೆ.

ಮೈಸೂರು ಮೂಲೆ

ಬೇರು ಕಿತ್ತಿರುವ ಫೋಟೋ ತೆಗೆದಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಆ ದಿನದ ಪೇಪರ್ ಇಟ್ಟು.

ರಿಟೈರ್ಡ್ ಜೆಇ

ಮನವಿಯನ್ನು ಮೇಜಿನ ಮೇಲೆ ಇಟ್ಟು ಬರಬೇಡಿ ಮೇಡಂ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಒಂದು ಪ್ರತಿ ಕಾರ್ಯಪಾಲಕ ಎಂಜಿನಿಯರ್‌ಗೆ. ಟ್ರ್ಯಾಕ್ ತಿರುಗಿಸುವುದರಿಂದ ಅಳತೆ ಜಾಸ್ತಿ ಆಗದಿದ್ದರೆ ಕಡತ ಮೇಲೆ ಹೋಗಬೇಕಾಗಿಲ್ಲ, ಸ್ಥಳದಲ್ಲೇ ಮಾಡಬಹುದು. "ಹೆಚ್ಚುವರಿ ವೆಚ್ಚ ಇಲ್ಲ" ಅನ್ನುವ ಮೂರು ಪದ ಮನವಿಯ ಮೊದಲ ಪ್ಯಾರಾದಲ್ಲೇ ಬರಲಿ. ಆ ಮಾತು ಕಣ್ಣಿಗೆ ಬಿದ್ದರೆ ಎಂಜಿನಿಯರ್ ಮುಂದೆ ಓದುತ್ತಾರೆ. ಪೇವರ್ ಕೂರಿಸುವ ಮೊದಲು ಹೋಗಿ, ಅದರ ಕೆಳಗಿನ ಬೆಡ್ ಹಾಕಿದ ಮೇಲೆ ಯಾರೂ ಕೀಳುವುದಿಲ್ಲ.

ಕೆರೆದಡ

ಸರಿ ಸರ್. ಮನವಿ ಬರೆದಾಯಿತು, ಸಂಜೆ ಸಹಿ ಹಾಕಿಸಿ ನಾಳೆ ಕೊಡುತ್ತೇವೆ. ಮಾಲಿ ಮಗಳು, ನಿಮ್ಮ ಸಾಲನ್ನೂ ಸೇರಿಸಿದ್ದೇನೆ, ನಮ್ಮ ಪಾರ್ಕಿನ ಮಾಲಿಯನ್ನು ಸ್ಥಳ ಪರಿಶೀಲನೆಗೆ ಕರೆಯಬೇಕು ಅಂತ. ಅವರ ಕೂಲಿ ಕಟ್ ಆಗದ ಹಾಗೆ ಕೆಲಸದ ಹೊತ್ತಲ್ಲೇ ಅಂತಲೂ ಬರೆದೆ.